ಬೆಳಕಿನ ಮೀಟರ್: ಮ್ಯಾನುಯಲ್ ಮೋಡ್‌ನಲ್ಲಿ ಬಳಕೆ

ಕ್ಯಾಮೆರಾದೊಳಗೆ ಬರುವ ಬೆಳಕನ್ನು ಅಳೆದು, ಆಗ ಇಟ್ಟಿರುವ ಷಟರ್ ವೇಗ, ಅಪರ್ಚರ್ ಮತ್ತು ಐಎಸ್‌ಒಗಳಿಗೆ ಅದು ಹೆಚ್ಚೋ ಕಡಿಮೆಯೋ ಎಂದು ತೋರಿಸುವ ಸಾಧನ. ಮೊದಲು ಕೈಯಲ್ಲಿ ಹಿಡಿಯುವ ಪ್ರತ್ಯೇಕ ಉಪಕರಣವಾಗಿತ್ತು. ಲೆನ್ಸ್ ಮೂಲಕವೇ ಅಳೆಯುವ ಕ್ಯಾಮೆರಾಗಳು 1960ರ ದಶಕದಲ್ಲಿ ಬಂದವು. ಸ್ವಯಂಚಾಲಿತ ಮೋಡ್‌ಗಳಲ್ಲಿ ಮೀಟರ್ ಹೇಳಿದಂತೆ ಕ್ಯಾಮೆರಾ ನಡೆದುಕೊಳ್ಳುತ್ತದೆ. ಮ್ಯಾನುಯಲ್‌ನಲ್ಲಿ ಅದು ವರದಿ ಕೊಡುತ್ತದೆ ಅಷ್ಟೆ, ತೀರ್ಮಾನ ಛಾಯಾಗ್ರಾಹಕರದು.

ವ್ಯೂಫೈಂಡರಿನ ಕೆಳಗಿನ ಪಟ್ಟಿಯ ನಡುವೆ ಸೊನ್ನೆ, ಅತ್ತಿತ್ತ ಪ್ಲಸ್ ಮತ್ತು ಮೈನಸ್ ಗುರುತುಗಳಿರುತ್ತವೆ. ಒಂದು ಅಂಕಿಯ ಅಂತರ ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ. ನಡುವಿನ ಸಣ್ಣ ಗೆರೆಗಳು ಸಾಮಾನ್ಯವಾಗಿ ಮೂರನೇ ಒಂದು ಸ್ಟಾಪಿನವು. ಹಳೆಯ ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಪ್ಲಸ್ ಎಡಕ್ಕಿರುತ್ತದೆ. ಬೇರೆ ಕಂಪನಿಯ ಕ್ಯಾಮೆರಾದಿಂದ ಬಂದವರು ಇದನ್ನು ಗಮನಿಸಬೇಕು.

ಸೊನ್ನೆಗೆ ತಂದರೆ ಚಿತ್ರ ಸರಿಯಾಯಿತು ಎಂಬ ನಂಬಿಕೆ ವ್ಯಾಪಕ, ಆದರೆ ತಪ್ಪು. ಎದುರಿಗಿರುವುದು ಸುಣ್ಣದ ಗೋಡೆಯೋ ಕರಿ ಎಮ್ಮೆಯೋ ಮೀಟರಿಗೆ ತಿಳಿಯದು. ಎರಡನ್ನೂ ನಡುಬೂದು ಬಣ್ಣಕ್ಕೆ ತರುವ ಲೆಕ್ಕ ಅದರದು. ಹಾಗಾಗಿ ಗೋಡೆ ಮಂಕಾಗುತ್ತದೆ, ಎಮ್ಮೆ ಬೂದಾಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ತೊಡಕು ಕಣ್ಣಿಗೇ ಕಾಣುತ್ತದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾದ ಈ ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಬಿಳಿ ಕೊಕ್ಕರೆಯ ಹಿಂದೆ ದಟ್ಟ ಎಲೆಗಳಿದ್ದರೆ ಮೀಟರ್ ಕತ್ತಲೆಯೆಂದು ಭಾವಿಸಿ ಹೆಚ್ಚು ಬೆಳಕು ಕೇಳುತ್ತದೆ. ಗರಿಗಳ ವಿವರ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಹೊಳೆಯುವ ಆಕಾಶಕ್ಕೆ ಹಾರಿದರೆ ಬೆಳಕು ಕಡಿಮೆ ಮಾಡು ಎನ್ನುತ್ತದೆ, ಹಕ್ಕಿ ಕಪ್ಪಾಗುತ್ತದೆ. ಹಕ್ಕಿಯ ಮೇಲಿನ ಬಿಸಿಲು ಮಾತ್ರ ಎರಡೂ ಕಡೆ ಒಂದೇ. ಮ್ಯಾನುಯಲ್ ಮೋಡ್‌ನ ನಿಜವಾದ ಪ್ರಯೋಜನ ಇರುವುದು ಇಲ್ಲಿ: ಚೌಕಟ್ಟಿನ ಒಂದು ಸಣ್ಣ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಬಿಸಿಲು ಬಿದ್ದ ಬಿಳಿ ಗರಿಗೆ ಹಿಡಿದು, ಸೂಚಕ +1⅓ರಿಂದ +2ರ ನಡುವೆ ನಿಲ್ಲುವಂತೆ ಹೊಂದಿಸಿ, ಬೆಳಕು ಬದಲಾಗುವವರೆಗೆ ಮುಟ್ಟದೆ ಬಿಡುವುದು. ಹಕ್ಕಿ ಹಾರುವಾಗ ಸೂಚಕ ಎತ್ತ ಕುಣಿದರೂ ಲೆಕ್ಕಿಸಬೇಕಾಗಿಲ್ಲ.

ಮೀಟರನ್ನೇ ಪರೀಕ್ಷಿಸಲು ಹಳೆಯದೊಂದು ಸೂತ್ರವಿದೆ. ಚುರುಕು ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇದ್ದರೆ ಷಟರ್ ವೇಗ ಐಎಸ್‌ಒ ಅಂಕಿಯ ವಿಲೋಮ. ಐಎಸ್‌ಒ 400ಕ್ಕೆ 1/400 ಸೆಕೆಂಡ್. ಎಫ್/8ಕ್ಕೆ ಬಂದರೆ 1/1600. ಬಿಳಿ ಹಕ್ಕಿಗೆ ಇದಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡುವುದು ಕ್ಷೇಮ.

ಗೆಜ್ಜಲಗೆರೆ ಸುತ್ತಲಿನ ಕಬ್ಬಿನ ಸೀಮೆಯ ಆಲೆಮನೆಗಳದು ಬೇರೆ ಕಷ್ಟ. ಒಳಗೆ ಮಸಿ ಹಿಡಿದ ಮಾಡು, ಕೊಪ್ಪರಿಗೆಯಿಂದೇಳುವ ಬಿಳಿ ಹಬೆ, ಒಲೆಯ ಉರಿ, ಹೊರಗೆ ಬಿಸಿಲು. ಇಡೀ ಚೌಕಟ್ಟಿನ ಸರಾಸರಿ ಇಲ್ಲಿ ಉಪಯೋಗಕ್ಕೆ ಬಾರದು. ಕೆಲಸಗಾರನ ಮುಖದ ಮೇಲೆ ಬೀಳುವ ಬೆಳಕಿಗೇ ಅಂಗೈ ಒಡ್ಡಿ, ಅದನ್ನಳೆದು +1ಕ್ಕೆ ಹೊಂದಿಸಿದರೆ ಮುಖ ಬಹುಮಟ್ಟಿಗೆ ಸರಿಬರುತ್ತದೆ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಹೊರಗಿನ ಬಿಸಿಲು ಬೆಳ್ಳಗಾದರೆ ಆಗಲಿ, ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಲು ಹೋಗಿ ಮುಖ ಕಳೆದುಕೊಳ್ಳುವುದೇ ಹೆಚ್ಚು.

ಮ್ಯಾನುಯಲ್‌ನಲ್ಲಿ ಆಟೋ ಐಎಸ್‌ಒ ಚಾಲೂ ಇದ್ದರೆ ಈ ಯಾವ ಮಾತೂ ನಿಲ್ಲದು. ಷಟರ್, ಅಪರ್ಚರ್ ಬದಲಿಸಿದಂತೆಲ್ಲ ಕ್ಯಾಮೆರಾ ಐಎಸ್‌ಒ ಏರಿಳಿಸಿ, ತನ್ನ ಮಿತಿ ಮುಟ್ಟುವವರೆಗೂ ಸೂಚಕವನ್ನು ಸೊನ್ನೆಗೇ ಎಳೆದು ತರುತ್ತದೆ.