ಟರ್ಬೊ ಎಂಜಿನ್ ಉನ್ನತೀಕರಣ

ಟರ್ಬೊ ಎಂಜಿನ್ ಉನ್ನತೀಕರಣ ಎಂದರೆ ಟರ್ಬೊಚಾರ್ಜರ್ ಅಳವಡಿಸಿದ ಕಾರಿನ ಎಂಜಿನ್ನಿನಿಂದ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಶಕ್ತಿಯನ್ನು, ಆಕ್ಸಿಲರೇಟರ್ ತುಳಿದಾಗ ಹೆಚ್ಚು ಶೀಘ್ರವಾದ ಸ್ಪಂದನೆಯನ್ನು ಪಡೆಯಲು ಮಾಡುವ ಬದಲಾವಣೆಗಳು. ಈ ಎರಡು ಉದ್ದೇಶಗಳನ್ನು ಸಾಮಾನ್ಯವಾಗಿ ಒಟ್ಟಿಗೆ ಹೇಳಲಾಗುತ್ತದೆಯಾದರೂ ಅವು ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧವಾದವು. ಎಂಜಿನ್ನಿನ ಬಾಳಿಕೆ, ವಾಹನದ ಸುರಕ್ಷತೆ ಮತ್ತು ನೋಂದಣಿಯ ಸಿಂಧುತ್ವ ಈ ಬದಲಾವಣೆಗಳೊಂದಿಗೆ ನೇರವಾಗಿ ಸಂಬಂಧ ಹೊಂದಿವೆ.

ತತ್ವ

ಪೆಟ್ರೋಲ್ ಪೂರ್ಣವಾಗಿ ದಹಿಸಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಆದುದರಿಂದ ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಇಂಧನವಲ್ಲ, ಗಾಳಿ. ಸಿಲಿಂಡರಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೊಚಾರ್ಜರಿನ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಸಂಕೋಚಕ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಚಿಕ್ಕ ಕಾರುಗಳ ಟರ್ಬೊ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲುದು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದನು. ಈ ಸಾಧನ 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳ ಮೂಲಕ ಜನಸಾಮಾನ್ಯರ ವಾಹನಕ್ಕೆ ಬಂದಿತು.

ಬೆಂಗಳೂರಿನ ಎತ್ತರದ ಪರಿಣಾಮ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ವಾಯುಭಾರ ಸುಮಾರು 101 ಕಿಲೋಪಾಸ್ಕಲ್ ಇದ್ದರೆ, ರಾಜರಾಜೇಶ್ವರಿನಗರದಲ್ಲಿ ಅದು ಸುಮಾರು 91 ಕಿಲೋಪಾಸ್ಕಲ್. ಟರ್ಬೊ ಇಲ್ಲದ ಎಂಜಿನ್ ಘಟ್ಟ ಹತ್ತಿ ಬರುವಷ್ಟರಲ್ಲಿ ತನ್ನ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಟರ್ಬೊ ಎಂಜಿನ್ ಈ ನಷ್ಟವನ್ನು ತುಂಬಿಕೊಳ್ಳುತ್ತದೆ, ಆದರೆ ಉಚಿತವಾಗಿ ಅಲ್ಲ.

ಸಿಲಿಂಡರಿಗೆ 200 ಕಿಲೋಪಾಸ್ಕಲ್ ಒತ್ತಡದ ಗಾಳಿ ಬೇಕೆಂದು ಇಟ್ಟುಕೊಳ್ಳೋಣ. ಮಂಗಳೂರಿನಲ್ಲಿ ಸಂಕೋಚಕವು ಗಾಳಿಯನ್ನು ಸುಮಾರು ಎರಡು ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.2 ಪಟ್ಟು ಒತ್ತಬೇಕು. ಹೊರಗಿನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಮತ್ತು ಸಂಕೋಚಕದ ದಕ್ಷತೆ 70 ಪ್ರತಿಶತ ಎಂದು ಲೆಕ್ಕ ಹಾಕಿದರೆ, ಹೊರಬರುವ ಗಾಳಿ ಮಂಗಳೂರಿನಲ್ಲಿ ಸುಮಾರು 123 ಡಿಗ್ರಿಗೂ ಬೆಂಗಳೂರಿನಲ್ಲಿ ಸುಮಾರು 140 ಡಿಗ್ರಿಗೂ ಕಾಯುತ್ತದೆ. ಚಕ್ರದ ವೇಗವೂ ಹೆಚ್ಚಬೇಕು. ಸಮುದ್ರಮಟ್ಟದ ಊರಿನಲ್ಲಿ ಸಿದ್ಧಪಡಿಸಿದ ಹೊಂದಾಣಿಕೆಯನ್ನು ಹಾಗೆಯೇ ತಂದು ಇಲ್ಲಿನ ಕಾರಿಗೆ ಹಾಕುವುದು ಸರಿಯಲ್ಲವೆಂಬುದಕ್ಕೆ ಇದೇ ಕಾರಣ.

ಕಾದ ಗಾಳಿ ವಿರಳವಾಗಿರುತ್ತದೆ. ಇದನ್ನು ತಣಿಸುವ ಸಾಧನವೇ ಇಂಟರ್‌ಕೂಲರ್. 140 ಡಿಗ್ರಿಯ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಅದರ ಸಾಂದ್ರತೆ ನಾಲ್ಕನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಏರುತ್ತದೆ. ಆದರೆ ಇಂಟರ್‌ಕೂಲರ್ ಕೆಲಸ ಮಾಡಲು ಅದರ ಮೂಲಕ ಗಾಳಿ ಹರಿಯುತ್ತಿರಬೇಕು. ಸಂಜೆಯ ಮೈಸೂರು ರಸ್ತೆಯಲ್ಲಿ ರಾಜರಾಜೇಶ್ವರಿನಗರದ ದ್ವಾರದಿಂದ ಕೆಂಗೇರಿಯವರೆಗೆ ತೆವಳುವ ಕಾರಿನಲ್ಲಿ ಅದು ಎಂಜಿನ್ನಿನ ಶಾಖವನ್ನೇ ಹೀರಿಕೊಂಡು ಬಿಸಿಯಾಗಿ ಕುಳಿತಿರುತ್ತದೆ.

ಶಕ್ತಿ ಮತ್ತು ಸ್ಪಂದನೆ

ಆಕ್ಸಿಲರೇಟರ್ ತುಳಿದ ಕ್ಷಣಕ್ಕೂ ಟರ್ಬೊ ಒತ್ತಡ ಏರುವ ಕ್ಷಣಕ್ಕೂ ನಡುವಿನ ವಿಳಂಬವನ್ನು ಟರ್ಬೊ ಲ್ಯಾಗ್ ಎನ್ನುತ್ತಾರೆ. ದೊಡ್ಡ ಟರ್ಬೊ ಹೆಚ್ಚು ಗಾಳಿಯನ್ನು ಕೊಡುತ್ತದೆ, ಆದರೆ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಒಂದೇ ಆಕಾರದ ಚಕ್ರಗಳಲ್ಲಿ ತಿರುಗುವಿಕೆಗೆ ಒಡ್ಡುವ ಜಡತ್ವವು ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸವನ್ನು ಕೇವಲ 10 ಪ್ರತಿಶತ ಹೆಚ್ಚಿಸಿದರೆ ಜಡತ್ವ ಸುಮಾರು 60 ಪ್ರತಿಶತ ಹೆಚ್ಚುತ್ತದೆ. 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯು ತನ್ನ 99 ಟರ್ಬೊ ಕಾರಿಗೆ ಚಿಕ್ಕ ಟರ್ಬೊವನ್ನೇ ಆರಿಸಿ, ಹೆಚ್ಚಾದ ಹೊಗೆಯನ್ನು ಬೇರೆ ದಾರಿಯಿಂದ ಹೊರಬಿಡುವ ವೇಸ್ಟ್‌ಗೇಟ್ ಬಳಸಿದ್ದು ಈ ತೊಡಕನ್ನು ಅರಿತೇ.

ನಗರದೊಳಗೆ ಎಂಜಿನ್ ಹೆಚ್ಚಿನ ಹೊತ್ತು ನಿಮಿಷಕ್ಕೆ 1,000ದಿಂದ 2,500 ಸುತ್ತಿನೊಳಗೆ ಇರುತ್ತದೆ. ದೊಡ್ಡ ಟರ್ಬೊದ ಲಾಭ ಅಲ್ಲಿಗೆ ತಲುಪುವುದೇ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಕಾರುಗಳಿಗೆ ಗಂಟೆಗೆ 100 ಕಿ.ಮೀ. ವೇಗಮಿತಿ ಇರುವುದರಿಂದ ಗರಿಷ್ಠ ಶಕ್ತಿಗೆ ಅವಕಾಶ ಕಡಿಮೆ. ನಿತ್ಯಬಳಕೆಯ ಕಾರಿನ ಮಟ್ಟಿಗೆ ಶೀಘ್ರ ಸ್ಪಂದನೆಯೇ ಹೆಚ್ಚು ಉಪಯುಕ್ತ. ಹಗುರವಾದ ಚಕ್ರಗಳು, ಬಾಲ್ ಬೇರಿಂಗ್, ಸಿಲಿಂಡರುಗಳ ಹೊಗೆಯನ್ನು ಎರಡು ಪ್ರತ್ಯೇಕ ದಾರಿಗಳಲ್ಲಿ ಟರ್ಬೈನಿಗೆ ತರುವ ಟ್ವಿನ್ ಸ್ಕ್ರೋಲ್ ರಚನೆ, ಎಲೆಗಳ ಕೋನವನ್ನು ಬದಲಿಸಿಕೊಳ್ಳುವ ಟರ್ಬೈನ್ ಇವೆಲ್ಲ ಸ್ಪಂದನೆಯನ್ನು ಸುಧಾರಿಸುತ್ತವೆ. ಕೊಳವೆಗಳ ಜೋಡಣೆಯಲ್ಲಿ ಗಾಳಿ ಸೋರುತ್ತಿದ್ದರೂ ಸ್ಪಂದನೆ ಮಂದವಾಗುತ್ತದೆ. ಹೊಸ ಭಾಗಗಳನ್ನು ಕೊಳ್ಳುವ ಮುನ್ನ ಇದನ್ನು ಪರೀಕ್ಷಿಸುವವರು ವಿರಳ.

ಬಿಡದಿಯ ಉದಾಹರಣೆ

ರಾಜರಾಜೇಶ್ವರಿನಗರದಿಂದ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆ ಇದೆ. 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆಯ ವಾಹನಗಳಲ್ಲಿಯೇ ಉನ್ನತೀಕರಣದ ಸ್ಪಷ್ಟ ಪಾಠವೊಂದು ದೊರೆಯುತ್ತದೆ. 2005ರ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ಶಕ್ತಿ 102 ಪಿಎಸ್, ತಿರುಚುಬಲ 200 ನ್ಯೂಟನ್-ಮೀಟರ್. ಅದೇ ಎಂಜಿನ್ ಕುಟುಂಬವು ಫಾರ್ಚುನರ್ 2.5ರಲ್ಲಿ ಇಂಟರ್‌ಕೂಲರ್ ಮತ್ತು ಬದಲಾಗುವ ಎಲೆಗಳ ಟರ್ಬೈನ್ ಪಡೆದು 144 ಪಿಎಸ್ ಮತ್ತು 343 ನ್ಯೂಟನ್-ಮೀಟರ್ ಮುಟ್ಟಿತು. 2016ರ ಇನ್ನೋವಾ ಕ್ರಿಸ್ಟಾದ ಹೊಸ 2.4 ಲೀಟರ್ ಎಂಜಿನ್, ಗಾತ್ರದಲ್ಲಿ ಚಿಕ್ಕದಾದರೂ, 150 ಪಿಎಸ್ ನೀಡಿತು. ಆದರೆ ಕಾರ್ಖಾನೆಯು ಟರ್ಬೊ ಒಂದನ್ನೇ ಬದಲಿಸುವುದಿಲ್ಲ. ಇಂಧನ ವ್ಯವಸ್ಥೆ, ಕ್ಲಚ್, ಗೇರ್‌ಬಾಕ್ಸ್ ಮತ್ತು ಬ್ರೇಕುಗಳನ್ನೂ ಆ ಶಕ್ತಿಗೆ ಹೊಂದಿಸುತ್ತದೆ. ಖಾಸಗಿ ಉನ್ನತೀಕರಣಗಳಲ್ಲಿ ಬಿಟ್ಟುಹೋಗುವುದು ಬಹುಪಾಲು ಈ ಭಾಗವೇ.

ವಿಧಾನಗಳು ಮತ್ತು ಅಪಾಯ

ಮೊದಲ ಹಂತದಲ್ಲಿ ಯಾವ ಭಾಗವನ್ನೂ ಬದಲಿಸದೆ ಎಂಜಿನ್ ನಿಯಂತ್ರಣ ಗಣಕದ ತಂತ್ರಾಂಶವನ್ನು ಮಾತ್ರ ತಿದ್ದಲಾಗುತ್ತದೆ. ಇದಕ್ಕೆ ರೀಮ್ಯಾಪ್ ಎಂದು ಹೆಸರು. ಎರಡನೆಯ ಹಂತದಲ್ಲಿ ದೊಡ್ಡ ಇಂಟರ್‌ಕೂಲರ್ ಮತ್ತು ಹೊಗೆ ಸರಾಗವಾಗಿ ಹರಿಯುವ ಕೊಳವೆಗಳು ಬರುತ್ತವೆ. ಟರ್ಬೊವನ್ನೇ ಬದಲಿಸುವುದು ಮೂರನೆಯ ಹಂತ. ಆಗ ಇಂಜೆಕ್ಟರ್ ಮತ್ತು ಇಂಧನ ಪಂಪುಗಳೂ ಬದಲಾಗಬೇಕು. ಈ ಹಂತಗಳ ಎಣಿಕೆ ವ್ಯಾಪಾರದ ರೂಢಿಯೇ ಹೊರತು ಯಾವ ಮಾನದಂಡವೂ ಅಲ್ಲ.

ಪೆಟ್ರೋಲ್ ಎಂಜಿನ್ನಿಗೆ ದೊಡ್ಡ ಶತ್ರು ನಾಕಿಂಗ್. ಒತ್ತಡ ಮತ್ತು ಶಾಖ ಮಿತಿಮೀರಿದಾಗ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದು ಮುಂದುವರಿದರೆ ಪಿಸ್ಟನ್ ಒಡೆಯಬಹುದು, ಕರಗಲೂಬಹುದು. ಜೆಟ್‌ಫೈರ್ ಕಾರಿನಲ್ಲಿ ಇದನ್ನು ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಸಿಂಪಡಿಸಲಾಗುತ್ತಿತ್ತು. ಆ ದ್ರವವನ್ನು ತುಂಬಲು ಮಾಲೀಕರು ಮರೆಯುತ್ತಿದ್ದುದು ಆ ಮಾದರಿ ಸೋಲಲು ಒಂದು ಕಾರಣ. ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್ ನಾಕಿಂಗನ್ನು ದೂರವಿಡುತ್ತದೆ. 95 ಆಕ್ಟೇನ್ ಪೆಟ್ರೋಲಿಗೆ ಹೊಂದಿಸಿದ ರೀಮ್ಯಾಪ್ ಇರುವ ಕಾರಿಗೆ 91 ಆಕ್ಟೇನ್ ಹಾಕಿ ಪೂರ್ಣ ಒತ್ತಡದಲ್ಲಿ ಓಡಿಸುವುದು ಅಪಾಯಕರ. ಎಥನಾಲ್ ನಾಕಿಂಗ್‌ಗೆ ಪ್ರತಿರೋಧ ಒಡ್ಡುತ್ತದೆಯಾದರೂ ಅದರ ಶಕ್ತಿಸಾಂದ್ರತೆ ಕಡಿಮೆ. ಆದ್ದರಿಂದ ಹೆಚ್ಚು ಪ್ರಮಾಣದ ಇಂಧನ ಬೇಕಾಗುತ್ತದೆ.

ಗೇರ್‌ಬಾಕ್ಸ್‌ಗೂ ಮಿತಿಯುಂಟು. ಭಾರತದಲ್ಲಿ 2013ರಲ್ಲಿ ಬಿಡುಗಡೆಯಾದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 105 ಪಿಎಸ್ ಮತ್ತು 175 ನ್ಯೂಟನ್-ಮೀಟರ್ ನೀಡುತ್ತಿತ್ತು. ಅದರ ಏಳು ಗೇರುಗಳ ಒಣ ಕ್ಲಚ್ ಪೆಟ್ಟಿಗೆಯ ಘೋಷಿತ ಮಿತಿ 250 ನ್ಯೂಟನ್-ಮೀಟರ್. ನಡುವಿನ ಅಂತರವನ್ನು ಪೂರ್ತಿಯಾಗಿ ಬಳಸಿಕೊಂಡ ಕಾರಿನಲ್ಲಿ ಕ್ಲಚ್ ಬೇಗ ಸವೆಯುವುದು ಸಹಜ.

ಕಾನೂನು

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ತಯಾರಕರ ಮೂಲ ವಿವರಣೆಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಉಂಟಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದುಹಾಕುವುದು ಶಕ್ತಿ ಹೆಚ್ಚಿಸುವ ಅಗ್ಗದ ಉಪಾಯವೆಂದು ಪ್ರಚಾರದಲ್ಲಿದೆ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ಮಾನದಂಡಕ್ಕೆ ಅದು ಪೂರ್ಣವಾಗಿ ವಿರುದ್ಧ. ರೀಮ್ಯಾಪ್ ಕಣ್ಣಿಗೆ ಕಾಣದಿದ್ದರೂ, ಅಪಘಾತದ ನಂತರ ವಿಮಾ ಕಂಪನಿಯು ಬಹಿರಂಗಪಡಿಸದ ಮಾರ್ಪಾಡನ್ನು ಮುಂದಿಟ್ಟು ಪರಿಹಾರವನ್ನು ಪ್ರಶ್ನಿಸಬಹುದು. ತಯಾರಕರ ಖಾತರಿಯೂ ರದ್ದಾಗಬಹುದು.

ಸ್ಪರ್ಧೆಗೆಂದೇ ಸಿದ್ಧಪಡಿಸಿದ ಕಾರುಗಳನ್ನು ಮುಚ್ಚಿದ ಪಥಗಳಲ್ಲಿ ಓಡಿಸಲಾಗುತ್ತದೆ. ದಕ್ಷಿಣ ಭಾರತದಲ್ಲಿ ಚೆನ್ನೈ ಬಳಿಯ ಇರುಂಗಾಟುಕೋಟೈ ಮತ್ತು ಕೊಯಮತ್ತೂರು ಬಳಿಯ ಚೆಟ್ಟಿಪಾಳಯಂ ಪಥಗಳು ಇದಕ್ಕೆ ಹೆಸರಾಗಿವೆ.