ಬೆಟ್ಟ, ತೊರೆ, ಪಿಕ್ಸೆಲ್: ಗಣಕದಲ್ಲಿ ಚಿತ್ರ ಬರೆಯುವ ತಂತ್ರಾಂಶಗಳ ಕಥೆ

ಚಿಕ್ಕ ಮಕ್ಕಳ ಕೈಗೆ ಕಾಗದ ಮತ್ತು ಬಣ್ಣದ ಕಡ್ಡಿ ಕೊಟ್ಟರೆ ನಾಡಿನ ಯಾವ ಮೂಲೆಯಲ್ಲೇ ಆಗಲಿ ಹೆಚ್ಚುಕಡಿಮೆ ಒಂದೇ ಚಿತ್ರ ಮೂಡುತ್ತದೆ. ಒಂದು ಬೆಟ್ಟ, ಅದರ ಹಿಂದೆ ಸೂರ್ಯ, ಕೆಳಗೆ ನದಿ, ಪಕ್ಕದಲ್ಲೊಂದು ಗುಡಿ. ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಮಕ್ಕಳಿಗೆ ಇದು ಕಲ್ಪನೆಯ ಚಿತ್ರವಲ್ಲ. ಅಲ್ಲಿ ಬೆಟ್ಟವಿದೆ, ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿಯ ಗುಡಿಯಿದೆ, ಕೆಳಗೆ ಕಾವೇರಿ ತಲಕಾಡಿನತ್ತ ದೊಡ್ಡ ಬಾಗು ತೆಗೆದುಕೊಂಡು ಹರಿಯುತ್ತದೆ. ಮೂಲೆಮುಡುಕು ಎಂಬ ಜೋಡುನುಡಿಯಲ್ಲಿ ಇಂದಿಗೂ ಉಳಿದಿರುವ ಮುಡುಕು ಮತ್ತು ನದಿ ಎಂಬ ಅರ್ಥದ ತೊರೆ, ಎರಡೂ ಊರಿನ ಹೆಸರಿನಲ್ಲೇ ಇವೆ.

ಇದೇ ಚಿತ್ರವನ್ನು ಗಣಕದ ಪರದೆಯ ಮೇಲೆ ಬರೆಯುವುದು ಗಣಕ ಕಲಿಕೆಯ ಮೊದಲ ಪಾಠ. ‘ಪೇಂಟ್’ ತೆರೆಯಿರಿ, ಪೆನ್ಸಿಲ್ ಆರಿಸಿಕೊಳ್ಳಿ, ಬೆಟ್ಟ ಬರೆಯಿರಿ, ಬಣ್ಣ ಸುರಿಯಿರಿ. ಇದು ಬರಿಯ ಆಟ, ಗಣಕ ಕೊಠಡಿಯ ಅಮೂಲ್ಯ ಅವಧಿಯನ್ನು ಇದಕ್ಕೆ ಕಳೆಯಬೇಕೆ ಎಂದು ಮುಖ್ಯೋಪಾಧ್ಯಾಯರೂ ಪೋಷಕರೂ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಬೇಕಾದರೆ ಈ ಪುಟ್ಟ ತಂತ್ರಾಂಶದ ಹಿಂದಿರುವ ಕೆಲಸವನ್ನು ನೋಡಬೇಕು. ಅದು ಒಬ್ಬರದಲ್ಲ, ಒಂದು ದಿನದ್ದೂ ಅಲ್ಲ.

ಗಣಕದ ಪರದೆಯ ಮೇಲೆ ಕೈಯಿಂದ ಗೆರೆ ಎಳೆಯುವ ಕೆಲಸಕ್ಕೆ ಗಟ್ಟಿ ತಳಹದಿ ಬಿದ್ದದ್ದು 1963ರಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿ ಐವನ್ ಸದರ್ಲೆಂಡ್, ಲಿಂಕನ್ ಪ್ರಯೋಗಾಲಯದ ‘ಟಿಎಕ್ಸ್-2’ ಎಂಬ ಬೃಹತ್ ಗಣಕದ ಮೇಲೆ ‘ಸ್ಕೆಚ್‌ಪ್ಯಾಡ್’ ಎಂಬ ಕ್ರಮವಿಧಿಯನ್ನು ರಚಿಸಿ ಅದನ್ನೇ ಪಿಎಚ್.ಡಿ. ಪ್ರಬಂಧವಾಗಿಸಿದರು. ಕೈಯಲ್ಲಿ ಬೆಳಕಿನ ಲೇಖನಿ, ಎದುರಿಗೆ ಪರದೆ. ಲೇಖನಿಯಿಂದ ಗೆರೆ ಎಳೆದು ‘ಈ ಎರಡು ಗೆರೆಗಳು ಸಮಾಂತರವಾಗಿರಲಿ’ ಎಂದು ಆಜ್ಞೆ ಕೊಟ್ಟರೆ ಗಣಕವೇ ಅವನ್ನು ಸರಿಪಡಿಸುತ್ತಿತ್ತು. ಗಣಕಕ್ಕೆ ರಂಧ್ರ ಹೊಡೆದ ಕಾರ್ಡುಗಳ ಮೂಲಕ ಲೆಕ್ಕ ಕೊಟ್ಟು ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು.

ಆದರೆ ಸ್ಕೆಚ್‌ಪ್ಯಾಡ್ ನಮ್ಮ ಪೇಂಟ್‌ನ ನೇರ ಪೂರ್ವಜನಲ್ಲ. ಅದರಲ್ಲಿ ಗೆರೆ ಎಂದರೆ ರೇಖಾಗಣಿತದ ಗೆರೆ: ಈ ಬಿಂದುವಿನಿಂದ ಆ ಬಿಂದುವಿಗೆ ಎಂಬ ಮಾಹಿತಿ. ಇಂದಿನ ‘ಇಂಕ್‌ಸ್ಕೇಪ್’ ಮತ್ತು ‘ಜಿಯೋಜಿಬ್ರಾ’ ಆ ವಂಶದವು. ಪೇಂಟ್‌ನಲ್ಲಿ ಗೆರೆ ಎಳೆದು ಮುಗಿದ ಮೇಲೆ ಅದು ಗೆರೆಯಾಗಿ ಉಳಿಯುವುದಿಲ್ಲ. ಪರದೆ ಸಣ್ಣ ಚೌಕಗಳ ಜಾಲ. ಗೆರೆ ಹಾದುಹೋದ ಚೌಕಗಳು ಕಪ್ಪಾಗುತ್ತವೆ, ಅಷ್ಟೆ. ಈ ಚೌಕವೇ ಪಿಕ್ಸೆಲ್. ಇದಕ್ಕೆ ಚುಕ್ಕಿ ರಂಗೋಲಿಯ ಹೋಲಿಕೆ ಕೊಡುವುದು ವಾಡಿಕೆ. ಹೋಲಿಕೆ ಅಷ್ಟು ಸರಿಯಲ್ಲ. ರಂಗೋಲಿಯಲ್ಲಿ ಗೆರೆ ಚುಕ್ಕಿಗಳನ್ನು ಸುತ್ತಿ ಅಥವಾ ಕೂಡಿಸಿ ಹಾಯುತ್ತದೆ. ಇಲ್ಲಿ ಚುಕ್ಕಿಗಳೇ ಗೆರೆಯಾಗಬೇಕು. ಧಾರವಾಡ ಕಡೆಯ ಕಸೂತಿ ಇದಕ್ಕೆ ಹೆಚ್ಚು ಹತ್ತಿರ. ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕುವ ಹೆಣ್ಣುಮಕ್ಕಳು ಪಿಕ್ಸೆಲ್‌ನ ಗಣಿತವನ್ನು ಗಣಕ ಬರುವ ಬಹಳ ಮೊದಲೇ ಬಲ್ಲವರು.

ಚೌಕಗಳ ಜಾಲದ ಮೇಲೆ ಓರೆ ಗೆರೆ ಎಳೆಯುವುದು ತೋರುವಷ್ಟು ಸುಲಭವಲ್ಲ. ಯಾವ ಚೌಕ ಕಪ್ಪಾಗಬೇಕು, ಯಾವುದು ಬಿಳಿಯಾಗಿಯೇ ಉಳಿಯಬೇಕು? ಐಬಿಎಂ ಸಂಸ್ಥೆಯ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ, ಕಾಗದದ ಮೇಲೆ ನಕ್ಷೆ ಬರೆಯುವ ಯಂತ್ರಕ್ಕಾಗಿ, ಇದಕ್ಕೊಂದು ಸೊಗಸಾದ ವಿಧಾನ ಕಂಡುಕೊಂಡರು. 1965ರಲ್ಲಿ ಅದು ಪ್ರಕಟವಾಯಿತು. ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಇದನ್ನು ಮಾಡಿ ನೋಡಬಹುದು. ಮೂಲಬಿಂದುವಿನಿಂದ ಬಲಕ್ಕೆ 7, ಮೇಲಕ್ಕೆ 3 ಚೌಕ ದೂರದ ಬಿಂದುವಿಗೆ ಗೆರೆ ಬೇಕು ಎಂದುಕೊಳ್ಳಿ. ಒಂದು ಲೆಕ್ಕದ ಖಾತೆ ಇಟ್ಟುಕೊಂಡು ಸೊನ್ನೆಯಿಂದ ಆರಂಭಿಸಿ. ಬಲಕ್ಕೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ಖಾತೆಗೆ 6 (ಅಂದರೆ 3ರ ಎರಡರಷ್ಟು) ಕೂಡಿಸಿ. ಮೊತ್ತ 7ನ್ನು ಮೀರಿದರೆ ಮೇಲಕ್ಕೆ ಒಂದು ಹೆಜ್ಜೆ ಇಟ್ಟು ಖಾತೆಯಿಂದ 14 (7ರ ಎರಡರಷ್ಟು) ಕಳೆಯಿರಿ. ಮೊದಲ ಹೆಜ್ಜೆಗೆ ಖಾತೆ 6, ಏರಿಕೆಯಿಲ್ಲ. ಎರಡನೆಯದಕ್ಕೆ 12, ಏರಬೇಕು, ಉಳಿದದ್ದು -2. ಮೂರನೆಯದಕ್ಕೆ 4. ನಾಲ್ಕನೆಯದಕ್ಕೆ 10, ಮತ್ತೆ ಏರಿಕೆ, ಉಳಿದದ್ದು -4. ಐದನೆಯದಕ್ಕೆ 2. ಆರನೆಯದಕ್ಕೆ 8, ಏರಿಕೆ, ಉಳಿದದ್ದು -6. ಏಳನೆಯದಕ್ಕೆ ಸೊನ್ನೆ. ಗೆರೆ ಕರಾರುವಾಕ್ಕಾಗಿ ಗುರಿ ಮುಟ್ಟಿತು. ಭಾಗಾಕಾರವಿಲ್ಲ, ದಶಮಾಂಶವಿಲ್ಲ, ಕೂಡುವುದು, ಕಳೆಯುವುದು, ಹೋಲಿಸುವುದು ಇಷ್ಟೆ. ಅಂದಿನ ನಿಧಾನಗತಿಯ ಗಣಕಗಳಿಗೆ ಇದು ವರವಾಯಿತು. ಪೇಂಟ್‌ನಲ್ಲಿ ಬೆಟ್ಟದ ಓರೆಯನ್ನು ದೊಡ್ಡದು ಮಾಡಿ ನೋಡಿದರೆ ಕಾಣುವ ಮೆಟ್ಟಿಲುಗಳು ಈ ಲೆಕ್ಕದ ಹೆಜ್ಜೆಗುರುತುಗಳೇ.

ಚುಕ್ಕಿಗಳಿಗೆ ಬಣ್ಣ ಬಂದದ್ದು 1970ರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ರೂಪಿಸಿದ ‘ಸೂಪರ್‌ಪೇಂಟ್’ 1973ರಲ್ಲಿ ಕೆಲಸ ಮಾಡತೊಡಗಿತು. ಪರದೆಯ ಪ್ರತಿ ಚುಕ್ಕಿಗೂ 8 ಬಿಟ್ ಮೀಸಲು, ಹೀಗಾಗಿ 256 ಬಣ್ಣ. 640 x 480 ಚುಕ್ಕಿಗಳ ಪರದೆಗೆ ಇದರಿಂದ ಮೂರು ಲಕ್ಷ ಬೈಟ್‌ಗೂ ಹೆಚ್ಚು ಸ್ಮೃತಿ ಬೇಕಾಯಿತು. ಆ ಕಾಲಕ್ಕೆ ಇದು ದುಂದುಗಾರಿಕೆ. ಸ್ವತಃ ಝೆರಾಕ್ಸ್ ಸಂಸ್ಥೆಗೆ ಬಣ್ಣದ ಮೇಲೆ ಆಸಕ್ತಿ ಉಳಿಯಲಿಲ್ಲ. ಅಲ್ಲಿ ಶೂಪ್ ಜೊತೆಗಿದ್ದ ಆಲ್ವಿ ರೇ ಸ್ಮಿತ್ ಹೊರಬಿದ್ದು, ಮುಂದೆ 1986ರಲ್ಲಿ ಪಿಕ್ಸಾರ್ ಚಿತ್ರಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

ಇನ್ನು ಕೈಗೆ ಸಿಗಬೇಕಾಗಿದ್ದದ್ದು ಅಗ್ಗದ ಲೇಖನಿ. ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಡಬ್ಬಿಯಲ್ಲಿ ಜೋಡಿಸಿದ್ದ ಮೌಸ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾರ್ವಜನಿಕವಾಗಿ ಪ್ರದರ್ಶನಗೊಂಡಿತ್ತು. ಅದು ಸಾಮಾನ್ಯರ ಮೇಜಿಗೆ ಬಂದದ್ದು ಬಹುಮಟ್ಟಿಗೆ 1984ರ ಜನವರಿಯಲ್ಲಿ ಬಿಡುಗಡೆಯಾದ ಆಪಲ್ ಮೆಕಿಂಟಾಷ್ ಮೂಲಕ. ಅದರ ಜೊತೆಗೆ ಬಂದ ಚಿತ್ರ ತಂತ್ರಾಂಶ ‘ಮ್ಯಾಕ್‌ಪೇಂಟ್’. ಬರೆದವರು ಬಿಲ್ ಅಟ್ಕಿನ್ಸನ್ (ಇವರು 2025ರಲ್ಲಿ ನಿಧನರಾದರು).

ಮ್ಯಾಕ್‌ಪೇಂಟ್ ಕುರಿತು ಸ್ವಲ್ಪ ನಿಧಾನಿಸಿ ನೋಡಬೇಕು. ಕಪ್ಪು ಬಿಳುಪಿನ ಪರದೆ, 512 x 342 ಚುಕ್ಕಿ. ಚುಕ್ಕಿಗೊಂದು ಬಿಟ್‌ನಂತೆ ಪರದೆಯೊಂದಕ್ಕೇ 21,888 ಬೈಟ್. ಇಡೀ ಯಂತ್ರದ ಸ್ಮೃತಿ 128 ಕಿಲೋಬೈಟ್. ಅಷ್ಟರಲ್ಲೇ ಪೆನ್ಸಿಲ್, ಕುಂಚ, ಅಳಿಸುವ ರಬ್ಬರ್, ಬಣ್ಣದ ಬಕೆಟ್, ಚಿತ್ರದ ತುಂಡನ್ನು ಹಿಡಿದೆಳೆಯುವ ಹಗ್ಗದ ಕುಣಿಕೆ ಎಲ್ಲವೂ ಇದ್ದವು. ಸೂಸನ್ ಕೇರ್ ಎಂಬ ಕಲಾವಿದೆ ಇವಕ್ಕೆಲ್ಲ ಪುಟ್ಟ ಚಿತ್ರಸಂಕೇತಗಳನ್ನು ಬರೆದರು. ಎಡಗಡೆ ಸಲಕರಣೆಗಳ ಸಾಲು, ಕೆಳಗಡೆ ತುಂಬುವ ವಿನ್ಯಾಸಗಳ ಪಟ್ಟಿ. ವಿಂಡೋಸ್ 95ರ ಪೇಂಟ್ ಬಳಸಿದವರಿಗೆ ಈ ಜೋಡಣೆ ತೀರ ಪರಿಚಿತವೆನಿಸುತ್ತದೆ. 2010ರಲ್ಲಿ ಅಮೆರಿಕದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯ ಇದರ ಆಕರ ಸಂಕೇತವನ್ನು ಬಿಡುಗಡೆ ಮಾಡಿದಾಗ ಲೋಕಕ್ಕೆ ತಿಳಿದದ್ದು: ಪ್ಯಾಸ್ಕಲ್ ಭಾಷೆಯ 5,822 ಸಾಲು, ಅಸೆಂಬ್ಲಿ ಭಾಷೆಯ 3,583 ಸಾಲು. ಗಣಕ ವಿಜ್ಞಾನ ಓದುವ ವಿದ್ಯಾರ್ಥಿಗಳು ಒಮ್ಮೆಯಾದರೂ ಕಣ್ಣಾಡಿಸಬೇಕಾದ ಬರಹ ಅದು.

ಬಣ್ಣದ ಬಕೆಟ್ಟಿನ ಕೆಲಸ ನೋಡಿ. ನದಿಯ ಎರಡು ದಡಗಳನ್ನು ಬರೆದು ನಡುವೆ ನೀಲಿ ಸುರಿದರೆ ನದಿಯಷ್ಟೇ ನೀಲಿಯಾಗುತ್ತದೆ. ಗಣಕಕ್ಕೆ ನದಿ ಯಾವುದು, ದಡ ಯಾವುದು ಎಂದು ಹೇಗೆ ತಿಳಿಯಿತು? ತಿಳಿದಿಲ್ಲ. ಒತ್ತಿದ ಚುಕ್ಕಿಯ ಬಣ್ಣ ನೆನಪಿಟ್ಟುಕೊಂಡು ಅದನ್ನು ನೀಲಿ ಮಾಡುತ್ತದೆ. ಮೇಲೆ, ಕೆಳಗೆ, ಎಡ, ಬಲದ ನೆರೆಯ ಚುಕ್ಕಿಗಳು ಅದೇ ಹಳೆಯ ಬಣ್ಣದಲ್ಲಿದ್ದರೆ ಅವನ್ನೂ ನೀಲಿ ಮಾಡುತ್ತದೆ. ಅವುಗಳ ನೆರೆಯವನ್ನೂ ಹಾಗೆಯೇ. ಬೇರೆ ಬಣ್ಣ ಎದುರಾದಲ್ಲಿ ನಿಲ್ಲುತ್ತದೆ. ದಡದಲ್ಲಿ ಒಂದೇ ಒಂದು ಚುಕ್ಕಿ ಬಿಟ್ಟುಹೋಗಿದ್ದರೂ ಸಾಕು, ಕೆರೆ ಏರಿ ಒಡೆದಂತೆ ಬಣ್ಣ ಹೊರನುಗ್ಗಿ ಪುಟವೆಲ್ಲ ನೀಲಿ. ಮಕ್ಕಳು ನಗುತ್ತಾರೆ, ಆದರೆ ಅದೇ ಕ್ಷಣದಲ್ಲಿ ಅವರು ಕ್ರಮವಿಧಿಯ ಸ್ವಭಾವವನ್ನು ಕಣ್ಣಾರೆ ಕಂಡಿರುತ್ತಾರೆ: ಹೇಳಿದ್ದನ್ನಷ್ಟೇ ಮಾಡುತ್ತದೆ, ಉದ್ದೇಶವನ್ನು ಊಹಿಸುವುದಿಲ್ಲ. ಇಲ್ಲಿ ಮೇಲಿನ ತರಗತಿಯವರಿಗೊಂದು ಪ್ರಶ್ನೆ ಹಾಕಬಹುದು. ಮೂಲೆಗೆ ಮೂಲೆ ತಾಗಿ ಓರೆಯಾಗಿ ನಿಂತ ಚುಕ್ಕಿಗಳ ದಡ ನೀರನ್ನು ತಡೆಯುತ್ತದೆಯೆ? ನಾಲ್ಕು ನೆರೆಯವರನ್ನಷ್ಟೇ ಲೆಕ್ಕಿಸಿದರೆ ತಡೆಯುತ್ತದೆ. ಮೂಲೆಯ ನೆರೆಯವರನ್ನೂ ಸೇರಿಸಿ ಎಂಟನ್ನು ಲೆಕ್ಕಿಸಿದರೆ ಸೋರುತ್ತದೆ.

ನದಿಯ ಬಾಗು ಬರೆಯಲು ಪೇಂಟ್‌ನಲ್ಲಿ ಬೇರೊಂದು ಸಲಕರಣೆ ಇದೆ. ಮೊದಲು ನೇರ ಗೆರೆ ಎಳೆದು, ಬಳಿಕ ಅದನ್ನು ಎರಡು ಸಲ ಎಳೆದು ಬಾಗಿಸಬಹುದು. ಕಾವೇರಿಯ ತಿರುವನ್ನು ಬರೆಯಲು ಸಾಕಷ್ಟೇ ಸಾಕು. ಇದು ಬೆಝಿಯೆ ವಕ್ರರೇಖೆ. ಫ್ರಾನ್ಸಿನ ರೆನೊ ಮೋಟಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಪಿಯೆರ್ ಬೆಝಿಯೆ 1960ರ ದಶಕದಲ್ಲಿ ಕಾರಿನ ಮೈಮಾಟವನ್ನು ಗಣಿತದಲ್ಲಿ ಹಿಡಿದಿಡಲು ಇದನ್ನು ಬಳಕೆಗೆ ತಂದರು. ಸಿಟ್ರೊಯೆನ್ ಕಾರ್ಖಾನೆಯ ಪಾಲ್ ದ ಕಾಸ್ಟೆಲ್ಜೊ ಇದೇ ವಿಧಾನವನ್ನು 1959ರಲ್ಲೇ ಕಂಡಿದ್ದರೂ ಕಾರ್ಖಾನೆ ಅದನ್ನು ಗುಟ್ಟಾಗಿಟ್ಟಿತು. ನಾವು ಗಣಕದಲ್ಲಿ ಓದುವ ಕನ್ನಡ ಅಕ್ಷರಗಳ ದುಂಡನೆಯ ಅಂಚುಗಳೂ ಇದೇ ಜಾತಿಯ ವಕ್ರರೇಖೆಗಳು.

ಮೈಕ್ರೋಸಾಫ್ಟ್‌ನ ಪೇಂಟ್ 1985ರ ನವೆಂಬರಿನಲ್ಲಿ ವಿಂಡೋಸ್‌ನ ಮೊದಲ ಆವೃತ್ತಿಯೊಂದಿಗೇ ಬಂದಿತು, ಕಪ್ಪು ಬಿಳುಪಿನಲ್ಲಿ. 1990ರ ವಿಂಡೋಸ್ 3.0ರಲ್ಲಿ ಬಣ್ಣದ ‘ಪೇಂಟ್‌ಬ್ರಷ್’ ಆಯಿತು, 1995ರಲ್ಲಿ ಮತ್ತೆ ಪೇಂಟ್ ಎಂಬ ಹೆಸರು ಪಡೆಯಿತು. ಇದರ ನಡುವೆ ಹೇಳಲೇಬೇಕಾದ ಇನ್ನೊಂದು ಹೆಸರು ‘ಕಿಡ್ ಪಿಕ್ಸ್’. ಅಮೆರಿಕದ ಕ್ರೇಗ್ ಹಿಕ್‌ಮನ್ ತಮ್ಮ ಪುಟ್ಟ ಮಗ ಮ್ಯಾಕ್‌ಪೇಂಟ್‌ನೊಂದಿಗೆ ಒದ್ದಾಡುವುದನ್ನು ಕಂಡು 1989ರಲ್ಲಿ ಇದನ್ನು ಬರೆದು ಉಚಿತವಾಗಿ ಹಂಚಿದರು. ಪ್ರತಿ ಸಲಕರಣೆಗೂ ಒಂದು ಸದ್ದು. ಮಕ್ಕಳ ತಂತ್ರಾಂಶ ಎಂದರೆ ದೊಡ್ಡವರ ತಂತ್ರಾಂಶವನ್ನು ಕತ್ತರಿಸಿ ಕೊಡುವುದಲ್ಲ ಎಂದು ಅದು ತೋರಿಸಿತು.

ನಮ್ಮ ನಾಡಿನ ಸರ್ಕಾರಿ ಶಾಲೆಗಳಿಗೆ ಗಣಕ ಗಣನೀಯ ಸಂಖ್ಯೆಯಲ್ಲಿ ಬಂದದ್ದು 2000ರ ದಶಕದ ಆರಂಭದಲ್ಲಿ, ಪ್ರೌಢಶಾಲೆಗಳ ‘ಮಾಹಿತಿ ಸಿಂಧು’ ಯೋಜನೆಯಂಥವುಗಳ ಮೂಲಕ. ಕನ್ನಡ ಮಾಧ್ಯಮದ ಮಗುವಿಗೆ ಅಂದಿನ ಗಣಕದ ಪರದೆ ಇಂಗ್ಲಿಷಿನ ಗೋಡೆ. ಆ ಗೋಡೆಯಲ್ಲಿದ್ದ ಕಿಟಕಿ ಪೇಂಟ್. ಬಕೆಟ್, ಕುಂಚ, ಪೆನ್ಸಿಲ್ ಚಿತ್ರಗಳಿಗೆ ಭಾಷೆ ಬೇಡ, ಕೀಲಿಮಣೆಯೂ ಬೇಡ. ಮೌಸ್ ಹಿಡಿಯುವ, ಒತ್ತಿ ಎಳೆಯುವ ಕೈಚಳಕ ಇದರಲ್ಲೇ ಕುದುರುತ್ತಿತ್ತು. ತಪ್ಪಾದರೆ ಮೂರು ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು, ನಾಲ್ಕನೆಯದಕ್ಕೆ ಅವಕಾಶವಿರಲಿಲ್ಲ. ಕಡತದ ಗಾತ್ರದ ಪಾಠವೂ ಇಲ್ಲೇ. 640 x 480 ಚುಕ್ಕಿಗಳ ಬಣ್ಣದ ಚಿತ್ರವನ್ನು ಬಿಎಂಪಿ ರೂಪದಲ್ಲಿ ಉಳಿಸಿದರೆ ಚುಕ್ಕಿಗೆ 3 ಬೈಟ್‌ನಂತೆ 9,21,600 ಬೈಟ್. 1.44 ಮೆಗಾಬೈಟ್‌ನ ಫ್ಲಾಪಿಯಲ್ಲಿ ಇಂಥದೊಂದು ಚಿತ್ರ ಹಿಡಿಸುತ್ತಿತ್ತು, ಎರಡನೆಯದು ಹಿಡಿಸುತ್ತಿರಲಿಲ್ಲ. ಪರದೆ ಖಾಲಿಯಿದ್ದರೂ ಗಾತ್ರ ಅಷ್ಟೇ ಏಕೆ ಎಂದು ಕೇಳಿದ ವಿದ್ಯಾರ್ಥಿಗೆ ಮಾಹಿತಿ ಸಂಕೋಚನದ ಪಾಠ ಅಲ್ಲಿಂದಲೇ ಶುರು.

ಕನ್ನಡಿಗರು ಪೇಂಟ್‌ಗೆ ಇನ್ನೊಂದು ಉಪಯೋಗವನ್ನೂ ಕಂಡುಕೊಂಡರು. ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳು ತಮ್ಮದೇ ಅಕ್ಷರಶೈಲಿಗಳನ್ನು ಬಳಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಪೇಂಟ್‌ನಲ್ಲಿ ಬರಹವನ್ನು ಅಂಟಿಸಿ ಚಿತ್ರವಾಗಿ ಉಳಿಸಿದರೆ ಎಲ್ಲಿಯೂ ಹಾಗೇ ಕಾಣುತ್ತಿತ್ತು. ಜಾಣ ಉಪಾಯವೇ ಸರಿ. ಆದರೆ ಚಿತ್ರವಾದ ಅಕ್ಷರ ಬರಿಯ ಚುಕ್ಕಿಗಳು. ಅದನ್ನು ಹುಡುಕಲಾಗದು, ತಿದ್ದಲಾಗದು. ಹೀಗೆ ಚಿತ್ರವಾಗಿ ಉಳಿದುಹೋದ ಕನ್ನಡ ಬರಹ ಹುಡುಕಾಟಕ್ಕೆ ಸಿಗದೆ ಕಳೆದುಹೋದದ್ದು ಸಣ್ಣ ನಷ್ಟವಲ್ಲ ಎಂಬುದು ನನ್ನ ಅಭಿಪ್ರಾಯ.

ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಥೆ ಬೇರೆ ದಾರಿ ಹಿಡಿಯಿತು. ಕೇರಳದ ‘ಐಟಿ@ಸ್ಕೂಲ್’ ಯೋಜನೆ ಆ ದಶಕದಲ್ಲೇ ಮುಕ್ತ ತಂತ್ರಾಂಶಗಳತ್ತ ಹೊರಳಿದ್ದರಿಂದ ಅಲ್ಲಿನ ಮಕ್ಕಳು ‘ಗಿಂಪ್’, ‘ಇಂಕ್‌ಸ್ಕೇಪ್’, ‘ಟಕ್ಸ್ ಪೇಂಟ್’ ಕಲಿತರು. ಪಠ್ಯಪುಸ್ತಕ ಕನ್ನಡದಲ್ಲೂ ಬಂದಿತು. ಕರ್ನಾಟಕದಲ್ಲಿ 2011ರಿಂದ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲೂ ಮುಕ್ತ ತಂತ್ರಾಂಶಗಳೇ ಬಳಕೆಯಾದವು. ಟಕ್ಸ್ ಪೇಂಟ್ ಅನ್ನು ಬಿಲ್ ಕೆಂಡ್ರಿಕ್ 2002ರಲ್ಲಿ ಪುಟ್ಟ ಮಕ್ಕಳಿಗೆಂದೇ ಬರೆದರು. ಅನೇಕ ದೇಶಗಳ ಸ್ವಯಂಸೇವಕರು ಅದನ್ನು ತಂತಮ್ಮ ನುಡಿಗೆ ತಂದರು. ಕನ್ನಡದ ಅನುವಾದವೂ ಅದರಲ್ಲಿದೆ.

ತಂತ್ರಾಂಶ ಯಾರದು ಎಂಬ ಪ್ರಶ್ನೆಯ ತೂಕ 2017ರ ಜುಲೈನಲ್ಲಿ ಎಲ್ಲರಿಗೂ ತಿಳಿಯಿತು. ಪೇಂಟ್ ಅನ್ನು ಇನ್ನು ಬೆಳೆಸುವುದಿಲ್ಲ, ಮುಂದೆ ತೆಗೆದುಹಾಕಬಹುದು ಎಂದು ಮೈಕ್ರೋಸಾಫ್ಟ್ ಪಟ್ಟಿಯೊಂದರಲ್ಲಿ ಸೂಚಿಸಿತು. ಬಳಕೆದಾರರು ಎಷ್ಟು ಮರುಗಿದರೆಂದರೆ, ಪೇಂಟ್ ಉಚಿತವಾಗಿಯೇ ದೊರೆಯುತ್ತದೆ ಎಂದು ಸಂಸ್ಥೆ ಕೂಡಲೇ ಸ್ಪಷ್ಟಪಡಿಸಬೇಕಾಯಿತು. 2023ರಲ್ಲಿ ಅದಕ್ಕೆ ಪದರಗಳ ಸೌಲಭ್ಯವೂ ಸೇರಿತು. 1985ರ ಮೊದಲ ಪೇಂಟ್‌ನ ‘ಎಂಎಸ್‌ಪಿ’ ಕಡತಗಳನ್ನು ತೆರೆಯುವ ತಂತ್ರಾಂಶಗಳು ಈಗ ವಿರಳ. ಬಿಎಂಪಿ ಹಾಗಲ್ಲ. 2003ರಲ್ಲಿ ಶಾಲೆಯ ಮಗುವೊಂದು ಬರೆದು ಉಳಿಸಿದ ಬೆಟ್ಟ, ಗುಡಿ, ನದಿಯ ಚಿತ್ರ, ಆ ಫ್ಲಾಪಿಯನ್ನು ಓದುವ ಸಾಧನವೊಂದು ಸಿಕ್ಕಿ ಫ್ಲಾಪಿಯೂ ಕೆಡದೆ ಉಳಿದಿದ್ದರೆ, ಇಂದಿನ ಯಾವುದೇ ಗಣಕದಲ್ಲಿ ಒಂದು ಚುಕ್ಕಿಯೂ ಬದಲಾಗದೆ ತೆರೆದುಕೊಳ್ಳುತ್ತದೆ.