ಬೋಧನೆಯ ಬಿಡುವು ಮತ್ತು ಗ್ರಂಥಸಂಪಾದನೆ

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನ ಪರಂಪರೆ ವಿಶಿಷ್ಟ ಸ್ಥಾನವನ್ನು ನೀಡಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದುದು ಸುವಿದಿತ. ಇಂತಹ ದಾನದಲ್ಲಿ ಓಲೆ ಕಂಠಗಳ ವೆಚ್ಚದೊಡನೆ ಲಿಪಿಕಾರರ ಕಾಲದ ಬೆಲೆಯೂ ಅಡಗಿರುತ್ತದೆ. ಹಸ್ತಪ್ರತಿಗಳ ಪರಿಷ್ಕರಣ ಕಾರ್ಯವು ಕಾಲೇಜು ಅಧ್ಯಾಪಕರ ಕೈಗೆ ಬಂದ ಮೇಲೆ, ವಿದ್ವಾಂಸನಿಗೆ ಆ ಕಾಲವನ್ನು ಒದಗಿಸುವವರು ಯಾರೆಂಬ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು.

ಈ ಪ್ರಶ್ನೆಗೆ ದೊರೆತ ಒಂದು ಮುಖ್ಯ ಉತ್ತರವು ಭಾರತೀಯ ವಿದ್ಯೆಗೇ ಸಂಬಂಧಿಸಿದುದೆಂಬುದು ಗಮನಾರ್ಹ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1880ರಲ್ಲಿ, ಏಳು ವರ್ಷಗಳಿಗೊಮ್ಮೆ ಅರ್ಧವೇತನದ ಮೇಲೆ ಒಂದು ವರ್ಷ ಬಿಡುವು ಕೊಡುವ ಪದ್ಧತಿಯನ್ನು ಆರಂಭಿಸಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಸಂಸ್ಕೃತ ವಿದ್ವಾಂಸ ಚಾರ್ಲ್ಸ್ ಲ್ಯಾನ್‌ಮನ್ನರನ್ನು ಬರಮಾಡಿಕೊಳ್ಳಲು ಅಧ್ಯಕ್ಷ ಎಲಿಯಟ್ಟರು ಮುಂದಿಟ್ಟ ಅನುಕೂಲವಿದು. ಲ್ಯಾನ್‌ಮನ್ನರು 1889ರಲ್ಲಿ ಭಾರತದಲ್ಲಿ ಸಂಚರಿಸಿ ಸಂಸ್ಕೃತ, ಪ್ರಾಕೃತ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಸಂಗ್ರಹಿಸಿದರು. ಅವರು ಪ್ರಧಾನ ಸಂಪಾದಕರಾಗಿದ್ದ ಹಾರ್ವರ್ಡ್ ಓರಿಯೆಂಟಲ್ ಸೀರೀಸ್‌ನಲ್ಲಿ ಪ್ರಾಕೃತ ಸಟ್ಟಕವಾದ ಕರ್ಪೂರಮಂಜರಿಯು 1901ರಲ್ಲಿ ಸ್ಟೆನ್ ಕೋನೊ ಅವರಿಂದಲೂ, ಜೈನ ಮುನಿ ಪೂರ್ಣಭದ್ರನ ಪಂಚತಂತ್ರವು 1908ರಲ್ಲಿ ಹರ್ಟೆಲ್ ಅವರಿಂದಲೂ ಪರಿಷ್ಕೃತವಾಗಿ ಹೊರಬಂದವು.

ಗ್ರಂಥಸಂಪಾದನೆಗೆ ಬಿಡುವಿನ ಅಗತ್ಯ ಇತರ ಸಂಶೋಧನೆಗಿಂತ ಹೆಚ್ಚು. ಪ್ರತಿಗಳು ದೂರದೂರದ ಭಂಡಾರಗಳಲ್ಲಿರುತ್ತವೆ. ಒಂದು ಪ್ರತಿಯ ಲಿಪಿಕಾರನ ರೂಢಿ, ಅವನ ಸ್ಖಲನಗಳ ಬಗೆ, ಪಾಠಾಂತರಗಳ ಪರಸ್ಪರ ಸಂಬಂಧ ಇವೆಲ್ಲ ಮನಸ್ಸಿನಲ್ಲಿ ಒಟ್ಟಿಗೆ ನಿಂತಾಗ ಮಾತ್ರ ಪಾಠನಿರ್ಣಯ ಸಾಧ್ಯ. ಪಾಠಪ್ರವಚನ, ಪರೀಕ್ಷೆಗಳ ನಡುವೆ ಕದ್ದ ಗಳಿಗೆಗಳಲ್ಲಿ ಆ ಎಳೆ ಮತ್ತೆ ಮತ್ತೆ ಕಡಿದುಹೋಗುತ್ತದೆ.

ಡಾ. ಆ. ನೇ. ಉಪಾಧ್ಯೆಯವರ ಜೀವನವನ್ನು ಈ ದೃಷ್ಟಿಯಿಂದ ನೋಡಬಹುದು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಜನಿಸಿದ ಅವರು 1930ರಿಂದ 1962ರವರೆಗೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಪ್ರವಚನಸಾರ (1935), ಪರಮಾತ್ಮಪ್ರಕಾಶ (1937) ಗ್ರಂಥಗಳು ಅಧ್ಯಾಪನದೊಡನೆಯೇ ಸಿದ್ಧವಾದವು. 1939-42ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸ್ಪ್ರಿಂಗರ್ ಸಂಶೋಧನ ವೇತನ ಅವರಿಗೆ ದೊರೆಯಿತು. ಮರುವರ್ಷ, 1943ರಲ್ಲಿ, 157 ಕಥೆಗಳನ್ನುಳ್ಳ ಹರಿಷೇಣನ ಬೃಹತ್ಕಥಾಕೋಶ ಪ್ರಕಟವಾಯಿತು. ಭಗವತೀ ಆರಾಧನೆ, ವಡ್ಡಾರಾಧನೆಗಳ ಸಂಬಂಧವನ್ನು ವಿವೇಚಿಸುವ ಅದರ ಪ್ರಸ್ತಾವನೆ ಕನ್ನಡ ವಿದ್ವಾಂಸರಿಗೂ ಆಧಾರವಾಗಿದೆ. ಇಂತಹ ಸಾಧನೆಯನ್ನು ವೇತನವೊಂದೇ ಹುಟ್ಟಿಸಲಾರದು. ಆದರೆ ಸಿದ್ಧನಾದ ವಿದ್ವಾಂಸನಿಗೆ ಅದು ಬಲ ನೀಡಬಲ್ಲುದು.

ಸ್ವಾತಂತ್ರ್ಯಾನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಧ್ಯಾಪಕ ಫೆಲೋಷಿಪ್ ಯೋಜನೆಯಲ್ಲಿ, ಸಂಶೋಧನೆಗೆ ತೆರಳಿದವರ ಸ್ಥಾನದಲ್ಲಿ ಪಾಠ ಹೇಳುವ ಬದಲಿ ಅಧ್ಯಾಪಕರ ವೇತನವನ್ನೂ ಆಯೋಗ ಭರಿಸುತ್ತಿತ್ತು. ವಿದ್ಯಾರ್ಥಿಗೂ ವಿದ್ವಾಂಸನಿಗೂ ನಷ್ಟವಾಗದ ಈ ಏರ್ಪಾಡು ಶ್ಲಾಘ್ಯ. ಆದರೆ ಅದರ ಗುರಿ ಪದವಿಯಾಗಿತ್ತು. ಪದವಿ ಪಡೆದ ಅನಂತರವೇ ಸಂಪಾದಕನ ಪಕ್ವಕಾಲ ಆರಂಭವಾಗುತ್ತದೆ. ಓದುಗರಿಲ್ಲದೆ ಉಳಿದ ಓಲೆಗರಿಗಳು ಕಾದು ಕುಳಿತಿರಲಾರವು. ಅವನ್ನು ಓದಬಲ್ಲವರಿಗೆ ಪ್ರೌಢವಯಸ್ಸಿನಲ್ಲಿ ಬಿಡುವನ್ನು ಕಲ್ಪಿಸುವುದೂ ಶಾಸ್ತ್ರದಾನವೇ ಸರಿ.